ಮಾತು ಬಿಟ್ಟವರು ಗುಡ್ಡ ಹತ್ತಿದ್ದು

2024 ಮೇ 9, ಗುರುವಾರ. ಉಪ್ಪಾರಹಳ್ಳಿ

ಬಿಂದು ಇವತ್ತು ಮೂರು ರೈಲು ಟಿಕೆಟ್ ತಂದು ಟೇಬಲ್ ಮೇಲಿಟ್ಟಳು. ಹಿಮಾಚಲಕ್ಕಂತೆ. ಯಾತ್ರೆಯಲ್ಲ, ದೇವರಿಲ್ಲ, ಹರಕೆಯಿಲ್ಲ. ಬೆನ್ನಿಗೊಂದು ಬ್ಯಾಗು ಕಟ್ಟಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆಯುವುದಂತೆ. ಫಾರಿನ್ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತಾರಂತೆ. ಇವಳನ್ನು ಒಬ್ಬಳೇ ಕಳಿಸಲು ಅವರಪ್ಪ ಒಪ್ಪಲಿಲ್ಲ. ಹಾಗಾದರೆ ಜೊತೆಗೆ ನಾನು ಹೋಗುತ್ತೇನೆ ಅಂತ ನಾನು ಅಡುಗೆಮನೆಯಿಂದ ಬಿಂದುವಿಗೆ ಹೇಳಿದೆ. ಅವಳು ಹಾಲ್‌ಗೆ ಹೋಗಿ ಅಪ್ಪನಿಗೆ ಹೇಳಿದಳು. ಹಾಗಾದರೆ ತಾನೂ ಬರುವುದಾಗಿ ಅಪ್ಪ ಅವಳ ಕೈಲಿ ಹೇಳಿ ಕಳಿಸಿದರು. ಹೀಗೆ ಟಿಕೆಟ್ ಮೂರಾಯಿತು.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರಾದ ನನ್ನ ಗಂಡನನ್ನು ಈ ಪುಸ್ತಕದಲ್ಲಿ ಮೇಷ್ಟ್ರು ಅಂತಲೇ ಬರೆಯುವುದು. ಹೆಸರು ಬರೆದರೆ ಕರೆದ ಹಾಗಾಗುತ್ತದೆ, ಕರೆದರೆ ಮಾತಾಡಿದ ಹಾಗಾಗುತ್ತದೆ. ಹನ್ನೊಂದು ವರ್ಷದ ಹಿಂದೆ ಈ ಮನೆಯ ಗೃಹಪ್ರವೇಶದ ದಿನ, ನಮ್ಮ ಗುಬ್ಬಿ ಕಡೆಯ ನೆಂಟರೆಲ್ಲ ಎಲೆ ಮುಂದೆ ಕೂತಿದ್ದಾಗ, ಇವಳ ತವರಿಂದ ಬಂದಿದ್ದು ಬರೀ ಮಾತು ಅಂದು ಮೇಷ್ಟ್ರು ನಕ್ಕರು. ಅವರ ಕುಣಿಗಲ್ ಕಡೆಯವರೆಲ್ಲ ನಕ್ಕರು. ನಮ್ಮಪ್ಪ ಹೋಳಿಗೆ ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಸರಿ, ತವರಿಂದ ಬಂದದ್ದನ್ನು ನಾನು ವಾಪಸ್ ತಗೊಂಡೆ. ಅವತ್ತಿನಿಂದ ಅವರಿಗೂ ನನಗೂ ನೇರ ಮಾತಿಲ್ಲ. ಇಬ್ಬರೂ ಬಿಂದುವಿಗೆ ಹೇಳುತ್ತೇವೆ, ಬಿಂದು ಅತ್ತಿಂದಿತ್ತ ಸಾಗಿಸುತ್ತಾಳೆ. ಅವಳು ಮನೆಯಲ್ಲಿ ಇಲ್ಲದಾಗ ಗೋಡೆಗೆ ಹೇಳುತ್ತೇವೆ. ಸಂಸಾರ ಸುಸೂತ್ರವಾಗಿಯೇ ನಡೆದಿದೆ.

ಈಗ ಅಸಲು ತಲೆನೋವು. ಬಿಂದುವಿಗೆ ಬೀದರ್‌ನಲ್ಲಿ ಲೆಕ್ಚರರ್ ಕೆಲಸದ ಆರ್ಡರ್ ಬಂದಿದೆ. ಜೂನ್ ಹತ್ತರೊಳಗೆ ಹಾಜರಾಗಬೇಕು. ಆರು ವರ್ಷ ಕಣ್ಣು ಕೆಡಿಸಿಕೊಂಡು ಓದಿ ಗಿಟ್ಟಿಸಿದ ಕೆಲಸ. ಈಗ ಹೋಗಲ್ಲ ಅನ್ನುತ್ತಾಳೆ. ಯಾಕೆ ಅಂದರೆ ಅಲ್ಲಿ ಸೆಕೆ ಅನ್ನುತ್ತಾಳೆ. ಅವಳನ್ನು ಕೆಡಿಸಿದ್ದು ಅವರಮ್ಮ ಅಂತ ಮೇಷ್ಟ್ರು ಅವಳ ಕೈಲೇ ನನಗೆ ಹೇಳಿ ಕಳಿಸಿದರು. ಹಠ ಅಪ್ಪನಿಂದಲೇ ಬಂದದ್ದು ಅಂತ ನಾನು ಅವಳ ಕೈಲೇ ವಾಪಸ್ ಕಳಿಸಿದೆ. ಎರಡನ್ನೂ ಒಂದಕ್ಷರ ಬಿಡದೆ ತಲುಪಿಸಿದಳು, ಪಾಪ.

ಮೇ 12, ಭಾನುವಾರ. ರೈಲು

ಮೇಷ್ಟ್ರು ಕೆಳಗಿನ ಬರ್ತು, ನಾನು ಎದುರಿನ ಬರ್ತು, ಬಿಂದು ನಮ್ಮ ನಡುವೆ. ಯಾವ ಊರಲ್ಲಿ ಊಟ ಬರುತ್ತದೆ ಎಂಬ ಪ್ರಶ್ನೆ ಅತ್ತಿಂದ ಇತ್ತ, ಇತ್ತಿಂದ ಅತ್ತ ಎಂಟು ಸಲ ಹೋಗಿ ಬಂತು. ಮಧ್ಯಾಹ್ನದ ಹೊತ್ತಿಗೆ ಅವಳು ಕಣ್ಣು ಮುಚ್ಚಿಕೊಂಡು ಕೂತಳು. ತಲೆನೋವಾ ಅಂತ ಕೇಳಿದೆ. ಇಲ್ಲ ಅಂದಳು. ಅಮ್ಮ ಏನಂದಳು ಅಂತ ಮೇಷ್ಟ್ರು ಅವಳನ್ನೇ ಕೇಳಿದರು.

ಮೇ 15, ಬುಧವಾರ. ದುಗ್ರಾ

ಕಸೋಲ್‌ನಿಂದ ಜೀಪಿನಲ್ಲಿ ಒಂದು ಗಂಟೆ, ಆಮೇಲೆ ಎರಡು ಗಂಟೆ ಏರು. ನನ್ನ ಬೆನ್ನ ಮೇಲಿನ ಬ್ಯಾಗಿನಲ್ಲಿ ಐದು ಕೆ.ಜಿ. ರಾಗಿಹಿಟ್ಟು ಇತ್ತು. ಹೊತ್ತವಳಿಗೇ ಗೊತ್ತು. ಮೇಷ್ಟ್ರು ಕೈಬೀಸಿಕೊಂಡು ಮುಂದೆ ನಡೆದರು. ಬೆಳ್ಳಾವಿಯ ನಮ್ಮ ಶಾಲೆಯಲ್ಲಿ ಒಂದನೇ ಕ್ಲಾಸಿನ ನಲವತ್ತು ಮಕ್ಕಳನ್ನು ಸಂಭಾಳಿಸುವ ನನಗೆ ಈ ಗುಡ್ಡ ಯಾವ ಲೆಕ್ಕ ಅಂದುಕೊಂಡಿದ್ದೆ. ಮಕ್ಕಳೇ ವಾಸಿ.

ದುಗ್ರಾದಲ್ಲಿ ಮೂವತ್ತು ಮರದ ಮನೆಗಳಿವೆ. ಅದರಲ್ಲಿ ಹದಿನೆಂಟು ಗೆಸ್ಟ್ ಹೌಸು. ಊರಿನವರು ಎಲ್ಲಿ ವಾಸ ಮಾಡುತ್ತಾರೋ ತಿಳಿಯಲಿಲ್ಲ. ಎಲ್ಲಿ ನೋಡಿದರೂ ಫಾರಿನ್ ಹುಡುಗರು. ಜಟೆ ನೋಡಿದರೆ ಹೇನಿನ ಔಷಧಿ ಕೊಡಬೇಕು ಅನ್ನಿಸುತ್ತದೆ, ಪ್ಯಾಂಟು ನೋಡಿದರೆ ಸೂಜಿ ದಾರ ತೆಗೆಯಬೇಕು ಅನ್ನಿಸುತ್ತದೆ. ಹೋಟೆಲ್ ಬೋರ್ಡು ನಾನು ಹುಟ್ಟಿದಮೇಲೆ ನೋಡದ ಲಿಪಿಯಲ್ಲಿದೆ. ಅದು ಇಸ್ರೇಲ್ ಭಾಷೆ ಅಂದಳು ಬಿಂದು. ಅಷ್ಟು ದೂರದಿಂದ ಬಂದು ಇವರು ಇಲ್ಲಿ ಮಾಡುವುದಾದರೂ ಏನು ಎಂದು ಗಮನಿಸಿದೆ. ಗೋಡೆಗೆ ಒರಗಿ ಕೂತು ಬೆಟ್ಟ ನೋಡುತ್ತಾರೆ. ಸಂಜೆಗೆ ಆ ಕಡೆ ಗೋಡೆಗೆ ಒರಗುತ್ತಾರೆ.

ಆದರೆ ಬೆಟ್ಟ ಚೆನ್ನಾಗಿದೆ. ಅದನ್ನು ಒಪ್ಪಿಕೊಳ್ಳಬೇಕು.

ಮೇ 16, ಗುರುವಾರ

ಬಿಂದು ಬೆಳಗ್ಗೆ ಹೋಗೇಬಿಟ್ಟಳು. ಮೇಲೆ ಯಾವುದೋ ಕೆರೆಯಂತೆ, ಐದು ಜನ, ಒಬ್ಬ ಗೈಡು, ಮಂಗಳವಾರ ವಾಪಸ್ಸು. ನಮಗೆ ಹೇಳಿದ್ದು ಬೂಟಿನ ಲೇಸು ಕಟ್ಟುವಾಗ. ಆರೋಗ್ಯ ಹುಷಾರು, ಇಲ್ಲಿ ಫೋನ್ ಸಿಗಲ್ಲ ಅಂದಳು. ಮೂವರ ವಾಟ್ಸಾಪ್ ಗ್ರೂಪೂ ಸತ್ತಿತು. ಅದರಲ್ಲೂ ನಾವಿಬ್ಬರೂ ಬರೆಯುತ್ತಿದ್ದದ್ದು ಬಿಂದುವಿನ ಹೆಸರಿಗೇ, ಇನ್ನೊಬ್ಬರು ಓದಿಕೊಳ್ಳುತ್ತಿದ್ದರು.

ಮಧ್ಯಾಹ್ನ ಮೇಷ್ಟ್ರು ಬ್ಯಾಗನ್ನೆಲ್ಲ ಕೆದಕುತ್ತಿದ್ದರು. ಬಿಪಿ ಮಾತ್ರೆ ಅಂತ ಗೊತ್ತಾಯಿತು. ಈ ಊರಿನ ಗೋಡೆ ಮರದ್ದು, ಅದಕ್ಕೆ ಹೇಳಿ ನನಗೆ ಅಭ್ಯಾಸವಿಲ್ಲ. ಅಂಗಳದಲ್ಲೊಂದು ದಪ್ಪ ಕರಿನಾಯಿ ಮಲಗಿತ್ತು. ಮಾತ್ರೆ ನೀಲಿ ಡಬ್ಬಿಯಲ್ಲಿದೆ ಅಂತ ನಾಯಿಗೆ ಹೇಳಿದೆ. ಸಿಕ್ಕಿತು ಅಂತ ಮೇಷ್ಟ್ರು ನಾಯಿಗೆ ಹೇಳಿದರು. ನಾಯಿಗೆ ಹಿಂದಿ ಮಾತ್ರ ಬರುವುದೋ ಏನೋ, ಇಬ್ಬರ ಮುಖವನ್ನೂ ನೋಡಿ ಎದ್ದು ಹೋಯಿತು.

ಮೇ 17, ಶುಕ್ರವಾರ

ನಾಯಿ ನಂಬಿಕಸ್ತ ಪ್ರಾಣಿ ಅನ್ನುವವರು ಅದರ ಕೈಲಿ ಮಾತು ಹೇಳಿ ಕಳಿಸಿ ನೋಡಿಲ್ಲ. ಇವತ್ತು ಅದು ಬರಲೇ ಇಲ್ಲ.

ಪಕ್ಕದ ರೂಮಿನಲ್ಲಿ ನೋಆ ಅಂತ ಒಂದು ಹುಡುಗಿ, ಅವಳ ಜೊತೆಗಾರ ಇತಾಯ್ ಅಂತ ಒಬ್ಬ ಹುಡುಗ. ಇಬ್ಬರಿಗೂ ಇಪ್ಪತ್ಮೂರು. ಇಸ್ರೇಲಿನವರು, ಮೂರು ತಿಂಗಳಿಂದ ತಿರುಗುತ್ತಿದ್ದಾರೆ. ಬೆಳಗ್ಗೆ ನೋಆಳನ್ನು ಕರೆದು, ಎದುರಿಗೇ ಕೂತಿದ್ದ ಮೇಷ್ಟ್ರನ್ನು ತೋರಿಸಿ, ಟೆಲ್ ಹಿಮ್ ಟಿಫನ್ ರೆಡಿ ಅಂದೆ. ಅವಳು ಎರಡು ಹೆಜ್ಜೆ ಆಚೆ ಕೂತಿದ್ದವರನ್ನು ನೋಡಿದಳು, ನನ್ನನ್ನು ನೋಡಿದಳು, ಹೋಗಿ ಹೇಳಿದಳು. ಟೆಲ್ ಹರ್ ಟೆನ್ ಮಿನಿಟ್ಸ್ ಅಂದರು ಮೇಷ್ಟ್ರು. ಅದನ್ನೂ ತಂದು ಒಪ್ಪಿಸಿದಳು. ನಾಲ್ಕು ಸಲ ಹೀಗಾದ ಮೇಲೆ ಎಷ್ಟು ವರ್ಷದಿಂದ ಅಂತ ಕೇಳಿದಳು. ಇಲೆವೆನ್ ಅಂದೆ. ಹುಡುಗಿ ಕಣ್ಣು ಮುಚ್ಚಿ ನನಗೆ ಕೈ ಮುಗಿದಳು.

ಯಾಕೆ ಮುಗಿದಳು ಅಂತ ಸಂಜೆ ಗೊತ್ತಾಯಿತು. ನೋಆ ಎಲ್ಲೋ ಹತ್ತು ದಿನದ ಮೌನದ ಶಿಬಿರಕ್ಕೆ ಸೇರಿ ನಾಲ್ಕನೇ ದಿನಕ್ಕೇ ಓಡಿಬಂದವಳಂತೆ. ನಮ್ಮದು ದಂಪತಿ ವ್ರತ, ಯಾವುದೋ ಹಳೇ ಭಾರತೀಯ ಸಾಧನೆ ಅಂತ ತಿಳಿದು ಊರಿಗೆಲ್ಲ ಸಾರಿದ್ದಾಳೆ. ಆರೇಳು ಜನ ಬಂದು ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮೇಷ್ಟ್ರು ಬಿಡುತ್ತಾರೆಯೇ? ನನ್ನ ಶಾಲು ಹೊದ್ದುಕೊಂಡು ಅವರ ನಡುವೆ ಕೂತು, ಆತ್ಮಸಂಯಮದ ಬಗ್ಗೆ ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಕೊರೆದರು. ಸಂಯಮವಂತೆ. ಕುಣಿಗಲ್ ಕೆರೆ ತುಂಬುವಷ್ಟು ಸುಳ್ಳು. ಸುಳ್ಳು ಅಂತ ನಾನು ಹೇಳಬೇಕೆಂದರೆ ಅವರ ಜೊತೆ ಮಾತಾಡಬೇಕು. ಹಲ್ಲು ಕಚ್ಚಿಕೊಂಡು ಕೂತೆ. ಅದನ್ನೂ ಸಾಧನೆ ಅಂದುಕೊಂಡು ಒಬ್ಬಳು ಫೋಟೋ ತೆಗೆದಳು.

ಮೇ 18, ಶನಿವಾರ

ಮುದ್ದೆ ಮಾಡಿದೆ. ಭಕ್ತಾದಿಗಳಿಗೆಲ್ಲ ಒಂದೊಂದು. ನುಂಗಬೇಕು, ಅಗಿಯಬಾರದು ಅಂತ ಅಭಿನಯಿಸಿ ತೋರಿಸಿದೆ. ಎಲ್ಲರೂ ಅಗಿದರು. ಬಾಯಿ ಅಂಟಿಕೊಂಡು ಐದು ನಿಮಿಷ ಊರಲ್ಲಿ ನಿಜವಾದ ಮೌನ. ಮೇಷ್ಟ್ರು ಎರಡು ಮುದ್ದೆ ನುಂಗಿ, ತಟ್ಟೆಯನ್ನು ತಾವೇ ತೊಳೆದಿಟ್ಟರು. ನಮ್ಮ ಮನೆಯಲ್ಲಿ ಈ ಬುದ್ಧಿ ಇರಲಿಲ್ಲ.

ಮೇ 19, ಭಾನುವಾರ

ನೋಆ, ಇತಾಯ್ ಇಬ್ಬರೂ ನಿನ್ನೆಯಿಂದ ನಮ್ಮ ಸಾಧನೆ ಶುರು ಮಾಡಿದ್ದಾರೆ. ಅವನು ಮೇಷ್ಟ್ರಿಗೆ ಹೇಳುವುದು, ಮೇಷ್ಟ್ರು ಅವಳಿಗೆ ಹೇಳುವುದು. ಅವಳದ್ದು ನನ್ನ ಮೂಲಕ. ಮೊದಮೊದಲು ಚಕ್ಕುಲಿ ಬೇಕಾ, ನಡೆಯಲು ಹೋಗೋಣವಾ ಇಂಥವೇ. ಬೆಳಗ್ಗೆ ಅವಳು, ಅವನಿಗೆ ನನ್ನ ಮೇಲೆ ಸಿಟ್ಟಿದೆಯಾ ಕೇಳಿ ಅಂದಳು. ಕೇಳಿದೆ. ಅವನು ಎದ್ದು ಬೇಲಿ ಕಡೆ ನಡೆದ. ಉತ್ತರವಿಲ್ಲ ಅಂತ ಹೋಗಿ ಹೇಳುವಾಗ ಅವಳ ಮುಖ ನೋಡಲು ನನಗೆ ಆಗಲಿಲ್ಲ. ಸ್ಲೇಟು ಒಡೆದುಕೊಂಡ ನಮ್ಮ ಕ್ಲಾಸಿನ ಮಗುವಿನ ಮುಖ.

ಅವಳನ್ನು ಸಮಾಧಾನ ಮಾಡಲು ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಕೂತೆ. ಆಗ ಅವಳು ಬಿಂದುವಿನ ವಿಷಯ ತೆಗೆದಳು. ಟ್ರೆಕ್ಕಿಂಗ್ ಹೋಗುವ ಹಿಂದಿನ ದಿನ ಇಬ್ಬರೂ ಒಲೆ ಮುಂದೆ ಕೂತಿದ್ದರಂತೆ. ನಿಮ್ಮ ಮಗಳದ್ದೂ ದೊಡ್ಡ ಮನಸ್ಸು, ನಿಮ್ಮ ವ್ರತಕ್ಕೋಸ್ಕರ ಒಳ್ಳೆಯ ಕೆಲಸವನ್ನೇ ಬಿಟ್ಟಿದ್ದಾಳಂತಲ್ಲ, ತಾನು ದೂರ ಹೋದರೆ ಅಪ್ಪ ಅಮ್ಮನ ಮಾತು ಸಾಗಿಸುವವರು ಯಾರೂ ಇಲ್ಲ ಅಂತ ಅವಳೇ ಹೇಳಿದಳು, ಎಷ್ಟು ಸುಂದರ ಅಲ್ಲವಾ ಅಂದಳು ನೋಆ. ಹೊಗಳಿಕೆಯ ದನಿಯಲ್ಲೇ ಅಂದಳು.

ಎಣ್ಣೆ ಬಾಟಲಿ ಕೆಳಗಿಟ್ಟೆ.

ಸೆಕೆಯಲ್ಲ. ಬೀದರ್ ಸೆಕೆಯಲ್ಲ. ನನಗೆ ನಾಚಿಕೆಯಾಯಿತು. ಹದಿನೆಂಟರ ಹುಡುಗಿಯನ್ನು ಅಂಚೆಯವಳನ್ನಾಗಿ ಮಾಡಿ ಹನ್ನೊಂದು ವರ್ಷ ಬಾಗಿಲಿಂದ ಬಾಗಿಲಿಗೆ ಓಡಿಸಿದೆವು. ಅವಳಿಗೆ ರಜೆ ಕೊಡಲೇ ಇಲ್ಲ. ನಲ್ಲಿ ಹತ್ತಿರ ಹೋಗಿ, ತಣ್ಣೀರಿನಲ್ಲಿ ಕೈ ತೊಳೆಯುವ ನೆವದಲ್ಲಿ ಅತ್ತೆ. ಮೇಷ್ಟ್ರಿಗೆ ಈ ವಿಷಯ ಹೇಳಬೇಕು. ಹೇಗೆ ಹೇಳುವುದು? ಹೇಳಿ ಕಳಿಸಲು ಯಾರಿದ್ದಾರೆ?

ಮೇ 20, ಸೋಮವಾರ

ಇವತ್ತು ಆ ಹುಡುಗರದ್ದೇ ರಾಮಾಯಣ. ಬೆಳಗ್ಗೆ ಇತಾಯ್ ಮೇಷ್ಟ್ರ ಹತ್ತಿರ ಬಂದು ಏನೋ ಹೇಳಿ, ಹಿಂದಿನ ತೋಟಕ್ಕೆ ಹೋಗಿ ಕೂತ. ಮೇಷ್ಟ್ರು ಮೆಟ್ಟಿಲ ಮೇಲೆ ಒಂದು ಗಂಟೆ ಕೂತೇ ಇದ್ದರು. ಟೀ ಆರಿ ಕೆನೆ ಕಟ್ಟಿತು. ಆಮೇಲೆ ಎದ್ದು ನಾನು ಬಟ್ಟೆ ಒಣಗಿಸುತ್ತಿದ್ದಲ್ಲಿಗೆ ಬಂದರು.

"ಆ ಹುಡುಗ ಒಬ್ನೇ ಊರಿಗೆ ಹೋಗ್ತಾನಂತೆ. ಅವಳ ಜೊತೆ ಎಲ್ಲಾ ಮುಗೀತಂತೆ. ಅದನ್ನ ನಾನ್ ಹೋಗಿ ಅವಳಿಗೆ ಹೇಳ್ಬೇಕಂತೆ. ನನ್ ಕೈಲಿ ಆಗಲ್ಲ ಶಶಿ."

"ನೀವ್ಯಾಕ್ರೀ ಹೇಳ್ಬೇಕು? ಅವನಿಗೆ ಬಾಯಿಲ್ವಾ?"

"ಅದನ್ನೇ ಅವನಿಗೆ ಹೆಂಗೆ ಹೇಳೋದು ಅಂತ ಕೂತಿದ್ದೆ."

ನಡೀರಿ ಅಂದೆ. ಅವನನ್ನು ತೋಟದಿಂದ ಎಬ್ಬಿಸಿ, ಅವಳನ್ನು ರೂಮಿನಿಂದ ಎಳೆದು ತಂದು, ಇಬ್ಬರನ್ನೂ ಅಂಗಳದ ಬೆಂಚಿನ ಮೇಲೆ ಕೂರಿಸಿದೆವು. ನನ್ನ ಒಂದನೇ ಕ್ಲಾಸಿನ ಇಂಗ್ಲಿಷಿನಲ್ಲಿ ಯು ಟಾಕ್, ಶಿ ಟಾಕ್, ನೋ ಗೋ ಅಂದೆ. ಮೇಷ್ಟ್ರು ಹೈಸ್ಕೂಲಿನ ಇಂಗ್ಲಿಷಿನಲ್ಲಿ ಉಳಿದದ್ದು ಸೇರಿಸಿದರು. ಇಬ್ಬರೂ ಅವರ ಭಾಷೆಯಲ್ಲಿ ಎರಡು ಗಂಟೆ ಕಿತ್ತಾಡಿದರು, ಅತ್ತರು. ಕೊನೆಗೆ ಅವನು ಹೋಗುವುದು ಹೋದ, ಆದರೆ ತಾನೇ ಹೇಳಿ ಹೋದ. ಅವಳು ಅವನ ಬ್ಯಾಗಿನ ಪಟ್ಟಿ ಸರಿ ಮಾಡಿ ಕಳಿಸಿದಳು. ಆಮೇಲೆ ನನ್ನ ಮಡಿಲಲ್ಲಿ ತಲೆ ಇಟ್ಟು ಮಲಗಿದಳು.

ಮೇಷ್ಟ್ರು ಇವತ್ತೂ ನನ್ನ ಶಾಲನ್ನೇ ಹೊದ್ದಿದ್ದರು. ತಮ್ಮ ಸ್ವೆಟರ್ ಎಲ್ಲಿಟ್ಟಿದ್ದಾರೋ. ಕೇಳಿದ್ದಕ್ಕೆ ಜೀಪಿನಲ್ಲೇ ಬಿಟ್ಟೆ ಅಂದರು. ಬುದ್ಧಿ ಇಲ್ಲ.

ಬಿಂದುವಿನ ವಿಷಯ ಹೇಳುವುದು ಹೇಗೆ ಅಂತ ಇನ್ನೂ ಹೊಳೆದಿಲ್ಲ. ಮಾತಿಲ್ಲದ ಮನುಷ್ಯನಿಗೆ ಹೇಗೆ ಹೇಳುವುದು?

ಮೇ 21, ಮಂಗಳವಾರ

ಗಂಟಲು ಕಟ್ಟಿದೆ. ಆದರೂ ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಬಿಂದು ಗುಡ್ಡ ಇಳಿದು ಬಂದಳು. ಮೂಗೆಲ್ಲ ಬಿಸಿಲಿಗೆ ಸುಲಿದಿತ್ತು. ಅವಳು ಅಂಗಳಕ್ಕೆ ಕಾಲಿಡುವುದಕ್ಕೂ, ಮೇಷ್ಟ್ರು ಒಳಗಿನಿಂದ ಟೀ ಆಯ್ತು ಬಾ ಶಶಿ ಅಂತ ಕೂಗುವುದಕ್ಕೂ ಸರಿಹೋಯಿತು. ಹುಡುಗಿ ಬ್ಯಾಗನ್ನು ಧೊಪ್ಪನೆ ಕೆಳಗೆ ಹಾಕಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಏನಾಯಿತೇ ಅಂದೆ. ಏನಿಲ್ಲ ಅಂದಳು. ಆಗಲೇ ನನಗೂ ಅನ್ನಿಸಿತು, ನಿನ್ನೆ ಬಟ್ಟೆ ಒಣಗಿಸುವಾಗಿನಿಂದ ಏನೋ ತಪ್ಪಿಹೋಗಿದೆ ಅಂತ. ತಪ್ಪನ್ನು ತಿದ್ದಬೇಕಲ್ಲ. ಊಟಕ್ಕೆ ಕೂತಾಗ ಗಂಭೀರವಾಗಿ, ಬಿಂದು, ನೀನು ಬೀದರ್‌ಗೆ ಹೋಗಲೇಬೇಕು ಅಂತ ನಾನು ಹೇಳಿದೆ ಅಂತ ನಿಮ್ಮಪ್ಪನಿಗೆ ಹೇಳು ಅಂದೆ.

ಅವಳು ಚಮಚ ಕೆಳಗಿಟ್ಟಳು.

"ನಾನ್ ಹೇಳಲ್ಲಮ್ಮ. ಇನ್ಮೇಲೆ ಒಂದ್ ಮಾತೂ ಆ ಕಡೆ ಈ ಕಡೆ ತಗೊಂಡ್ ಹೋಗಲ್ಲ. ನೀನೇ ಹೇಳು. ನಿನ್ ಬಾಯಲ್ಲಿ ಅಪ್ಪನ ಹತ್ರ ಜಗಳಾನಾದ್ರೂ ಆಡು, ಅವತ್ತೇ ನಾನ್ ಬೀದರ್ ಬಸ್ ಹತ್ತೀನಿ."

ಇಲ್ಲಿ ನಿಜ ಬರೆಯಬೇಕು, ಇನ್ಯಾರು ಓದುತ್ತಾರೆ. ಬಾಯಿ ಬಿಟ್ಟರೆ ಮಗಳು ಬೀದರ್‌ಗೆ ಹೋಗುತ್ತಾಳೆ. ಬಿಡದಿದ್ದರೆ ಉಪ್ಪಾರಹಳ್ಳಿಯಲ್ಲಿ ನನ್ನ ಕಣ್ಣ ಮುಂದೆಯೇ ಇರುತ್ತಾಳೆ. ಸುಮ್ಮನೆ ಇದ್ದುಬಿಡೋಣ ಅನ್ನಿಸಿತು. ಒಂದು ಗಳಿಗೆ, ಅಷ್ಟೇ, ಆದರೆ ಅನ್ನಿಸಿದ್ದು ಹೌದು. ಇಷ್ಟು ವರ್ಷ ಇದ್ದದ್ದು ಇವರ ಮೇಲಿನ ಸಿಟ್ಟೋ, ಇವಳನ್ನು ಹತ್ತಿರ ಇಟ್ಟುಕೊಳ್ಳುವ ಆಸೆಯೋ ಅಂತ ನನ್ನ ಮೇಲೇ ಅನುಮಾನ ಬಂತು. ಅವಳ ಸುಲಿದ ಮೂಗು ನೋಡಿದೆ. ಆಮೇಲೆ ಮೇಷ್ಟ್ರ ಕಡೆ ಪೂರ್ತಿ ತಿರುಗಿ ಕೂತೆ.

"ರೀ, ಅವತ್ತು ಎಲೆ ಮುಂದೆ ನಮ್ಮಪ್ಪ ಕೂತಿದ್ರು. ಅವರ ಮುಂದೆ ಹಂಗಂದ್ರಲ್ಲ, ನಾಚಿಕೆ ಆಗ್ಲಿಲ್ವಾ ನಿಮಗೆ?"

ಮೇಷ್ಟ್ರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

"ಅವತ್ತೇ ಆಯ್ತು ಕಣೇ. ಸಾಯಂಕಾಲನೇ ತಪ್ಪಾಯ್ತು ಅನ್ನೋಣ ಅಂತ ಬಂದೆ. ನೀನು ಬಾಗಿಲು ಹಾಕ್ಕೊಂಡಿದ್ದೆ. ಆಮೇಲೆ ಮಾತೇ ಬಿಟ್ಟೆ. ಅದೇನ್ ಮಗಳ ಕೈಲಿ ಹೇಳಿ ಕಳ್ಸೋ ಮಾತಾ?"

ಹನ್ನೊಂದು ವರ್ಷ. ಬಾಗಿಲು ಒಂದೇ ಒಂದು ಸಲ ತಟ್ಟಿದ್ದರೆ ಏನಾಗುತ್ತಿತ್ತು ಅಂದೆ. ತಟ್ಟಿದೆ ಅಂದರು. ತಟ್ಟಲಿಲ್ಲ ಅಂದೆ. ಅಲ್ಲಿಂದ ಶುರುವಾಯಿತು. ಅವರ ಅಮ್ಮ ಓಬಳಮ್ಮನವರು ತೀರಿಕೊಂಡಾಗ ನಾನು ಕುಣಿಗಲ್‌ನಲ್ಲಿ ಹದಿಮೂರು ದಿನ ಒಲೆ ಮುಂದೆ ಬೆಂದದ್ದು, ನಮ್ಮ ತಂಗಿ ಮಗಳ ಮದುವೆಗೆ ಇವರು ಗುಬ್ಬಿಗೆ ಬಂದು ಛತ್ರದ ಹೊರಗೇ ಕೂತದ್ದು, ವಾಷಿಂಗ್ ಮಷೀನಿಗೆ ಇವರ ಬಟ್ಟೆ ಮಾತ್ರ ನಾನು ಹಾಕದೆ ಬಿಡುತ್ತಿದ್ದದ್ದು, ನನ್ನ ಕಣ್ಣಿನ ಆಪರೇಷನ್ ದಿನ ಇವರು ಆಸ್ಪತ್ರೆ ಬಾಗಿಲಲ್ಲೇ ಇಡೀ ದಿನ ನಿಂತಿದ್ದದ್ದು. ಆ ಕೊನೆಯದು ನನಗೆ ಗೊತ್ತೇ ಇರಲಿಲ್ಲ. ಯಾಕೆ ಹೇಳಲಿಲ್ಲ ಅಂತ ಅದಕ್ಕೂ ಬೈದೆ.

ಗೆಸ್ಟ್ ಹೌಸಿನ ಯಜಮಾನಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಭಕ್ತಾದಿಗಳೆಲ್ಲ ಬೇಲಿ ಪಕ್ಕ ಸಾಲಾಗಿ ನಿಂತರು. ವ್ರತ ಕೆಟ್ಟಿತು ಅಂತ ಜಟೆಯ ಹುಡುಗನೊಬ್ಬ ತಲೆ ಅಲ್ಲಾಡಿಸಿಕೊಂಡು ಹೋದ. ನೋಆ ಮಾತ್ರ ಬೇಲಿ ದಾಟಿ ಒಳಗೆ ಬಂದು, ಬಿಂದುವಿನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಬಿಂದು ಅಳುತ್ತಿದ್ದಳೋ ನಗುತ್ತಿದ್ದಳೋ, ನಮಗೆ ಅವಳನ್ನು ನೋಡಲು ಪುರಸೊತ್ತಿರಲಿಲ್ಲ.

ಮೇ 24, ಶುಕ್ರವಾರ. ರೈಲು

ನಾಗಪುರ ದಾಟಿತು. ಬಿಂದು ಕಾಲೇಜಿಗೆ ಫೋನ್ ಮಾಡಿ ಮೂರನೇ ತಾರೀಖೇ ಹಾಜರಾಗುತ್ತೇನೆ ಅಂದಳು. ಫೋನ್ ಇಟ್ಟಮೇಲೆ ನನಗೆ ಎದೆಯೆಲ್ಲ ಖಾಲಿಯಾದಂತಾಯಿತು. ಅವಳಿಗೆ ತೋರಿಸಿಕೊಳ್ಳಲಿಲ್ಲ, ಮೇಷ್ಟ್ರಿಗೆ ಹೇಳಿದೆ. ನನಗೂ ಹಾಗೇ ಆಗ್ತಿದೆ ಅಂದರು. ಮನೆಯಲ್ಲಿ ಇನ್ನು ನಾವಿಬ್ಬರೇ. ಯೋಚಿಸಿದರೆ ಭಯವಾಗುತ್ತದೆ.

ಜಗಳ ಇನ್ನೂ ಮುಗಿದಿಲ್ಲ. ದೆಹಲಿಯಲ್ಲಿ ರೈಲು ಹತ್ತಿದ ಮೇಲೆ ಮೇಷ್ಟ್ರು ಒಂದು ಕ್ರಮ ಹಾಕಿದರು. ಹೇಳಿದ್ದನ್ನೇ ಹೇಳ್ತಿದೀಯ, ಗೊಂದಲ ಆಗ್ತಿದೆ, ಒಂದೊಂದೇ ವರ್ಷ ತಗೋ ಅಂದರು. ಲೆಕ್ಕದ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ. ಆದರೆ ಉಪಾಯ ಚೆನ್ನಾಗಿದೆ. ನಿನ್ನೆ ಹದಿಮೂರು, ಹದಿನಾಲ್ಕನೇ ಇಸವಿ ಮುಗಿಸಿದೆವು. ಹದಿನೈದರಲ್ಲಿ ಹೆಚ್ಚೇನೂ ಇರಲಿಲ್ಲ. ಎದುರಿನ ಸೀಟಿನ ಹೆಂಗಸು ನಮ್ಮ ಮುಖ ನೋಡೀ ನೋಡೀ, ನಿಮ್ಮ ಅಪ್ಪ ಅಮ್ಮ ಯಾವಾಗಲೂ ಹೀಗೇನಾ ಅಂತ ಬಿಂದುವನ್ನು ಹಿಂದಿಯಲ್ಲಿ ಕೇಳಿದಳು. ಈಗ ಶುರು ಮಾಡಿದ್ದಾರೆ ಅಂದಳು ಬಿಂದು. ಅಂದು, ಮೇಲಿನ ಬರ್ತಿಗೆ ಹತ್ತಿ, ಕಿವಿಗೆ ಹತ್ತಿ ತುರುಕಿಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಮೂರು ಗಂಟೆಯಾಯಿತು, ಇನ್ನೂ ಎದ್ದಿಲ್ಲ.

ಈಗ ಯಾವುದೋ ಸ್ಟೇಷನ್ ಬಂತು. ಮೇಷ್ಟ್ರು ಟೀ ತರುತ್ತೇನೆ ಅಂತ ಎದ್ದರು.

"ಸಾಕು ಬುಡು ಶಶಿ. ಉಳಿದಿದ್ದು ಮನೇಲಿ ನೋಡ್ಕೊಳ್ಳೋಣ."

"ಕೂತ್ಕೊಳ್ರಿ. ನಾನಿನ್ನೂ ಎರಡು ಸಾವಿರದ ಹದಿನಾರಕ್ಕೆ ಬಂದಿದೀನಿ."

ಕೂತರು.